ಅಕ್ಷರವಿಲ್ಲದ ವೀರ: ಒಂದು ಹಾಂಗ್‌ಕಾಂಗ್ ಹಾಸ್ಯಚಿತ್ರ ಮತ್ತು ಚೀನದ ಸೈನಿಕ ಪರೀಕ್ಷೆ

ವಿನೋದಕ್ಕಾಗಿ ತೆಗೆದ ಚಲಚ್ಚಿತ್ರವನ್ನು ಇತಿಹಾಸದ ಆಕರವೆಂದು ಎಣಿಸುವುದು ನಮ್ಮಲ್ಲಿ ರೂಢಿಯಿಲ್ಲ. ಎಣಿಸಬೇಕೆಂಬುದು ಈ ಲೇಖನದ ವಾದವೂ ಅಲ್ಲ. ಆದರೂ ಹಾಸ್ಯವು ತಾನು ಆರಿಸಿಕೊಂಡ ಕಾಲದ ನಿಜವಾದ ಹುಳುಕನ್ನು ಕೆಲವೊಮ್ಮೆ ತಿಳಿದೋ ತಿಳಿಯದೆಯೋ ಮುಟ್ಟಿಬಿಡುವುದುಂಟು. 1992ರಲ್ಲಿ ಹಾಂಗ್‌ಕಾಂಗಿನಲ್ಲಿ ತೆರೆಕಂಡ ‘ಕಿಂಗ್ ಆಫ್ ಬೆಗರ್ಸ್’ ಎಂಬ ಚಿತ್ರ ಅಂತಹುದೊಂದು. ಇದರ ನಿರ್ದೇಶಕ ಗಾರ್ಡನ್ ಚಾನ್. ನಾಯಕನ ಪಾತ್ರ ಸ್ಟೀಫನ್ ಚೌ ಅವರದು. ಅಸಂಬದ್ಧ ಮಾತುಗಳಿಂದ ನಗೆಯುಕ್ಕಿಸುವ ಕ್ಯಾಂಟನೀಸ್ ಹಾಸ್ಯದ ಸಂಪ್ರದಾಯಕ್ಕೆ ಸೇರಿದ ಈ ಕೃತಿಯಲ್ಲಿ ಮುಷ್ಟಿಯುದ್ಧವೂ ಪ್ರೇಮಪ್ರಸಂಗವೂ ಬೆರೆತಿವೆ.

ಕಥೆ ಚಿಂಗ್ ಸಾಮ್ರಾಜ್ಯದ ಕಾಲದ್ದು. ಗುವಾಂಗ್‌ಡಾಂಗ್ ಪ್ರಾಂತದ ಸೇನಾಧಿಪತಿಯ ಮಗನಾದ ಸೂ ಚಾನ್ ಧನಿಕ, ಬಲಶಾಲಿ, ಉಡಾಳ. ತನ್ನ ಹೆಸರನ್ನು ಬರೆಯುವಷ್ಟೂ ಅಕ್ಷರವನ್ನು ಅವನು ಕಲಿತಿಲ್ಲ. ವೇಶ್ಯಾಗೃಹವೊಂದರಲ್ಲಿ ಕಂಡ ಯುವತಿಯಲ್ಲಿ ಅವನಿಗೆ ಅನುರಾಗವುಂಟಾಗುತ್ತದೆ. ಸೈನಿಕ ಪರೀಕ್ಷೆಯಲ್ಲಿ ಪ್ರಥಮಸ್ಥಾನ ಪಡೆದವನನ್ನೇ ವರಿಸುವುದಾಗಿ ಆಕೆ ಹೇಳುತ್ತಾಳೆ. ಸೂ ಚಾನ್ ರಾಜಧಾನಿಗೆ ಹೋಗಿ ಬಲಪರೀಕ್ಷೆಗಳಲ್ಲಿ ಗೆಲ್ಲುತ್ತಾನೆ. ಲಿಖಿತ ಭಾಗವನ್ನು ತಂದೆಯ ಹಣ ನೋಡಿಕೊಳ್ಳುತ್ತದೆ. ಆದರೆ ಚಕ್ರವರ್ತಿಯ ಸಮ್ಮುಖದಲ್ಲಿ ಹೆಸರು ಬರೆಯಬೇಕಾಗಿ ಬಂದಾಗ ಗುಟ್ಟು ರಟ್ಟಾಗುತ್ತದೆ. ಆಸ್ತಿಯೆಲ್ಲ ಮುಟ್ಟುಗೋಲಾಗಿ, ತಂದೆಮಕ್ಕಳು ಬದುಕಿರುವವರೆಗೆ ಭಿಕ್ಷೆ ಬೇಡಬೇಕೆಂದು ರಾಜಾಜ್ಞೆಯಾಗುತ್ತದೆ.

ಸೂ ಚಾನ್ ಎಂಬ ಹೆಸರು ಚಿತ್ರದ ಸೃಷ್ಟಿಯಲ್ಲ. ‘ಕ್ಯಾಂಟನ್ನಿನ ಹತ್ತು ಹುಲಿಗಳು’ ಎಂದು ಜನ ಕರೆಯುವ ಹತ್ತೊಂಬತ್ತನೆಯ ಶತಮಾನದ ಮಲ್ಲರಲ್ಲಿ ಭಿಕ್ಷುಕ ಸೂ ಎಂಬವನೊಬ್ಬ. 1978ರ ‘ಡ್ರಂಕನ್ ಮಾಸ್ಟರ್’ ಚಿತ್ರದಲ್ಲಿ ಜಾಕಿ ಚಾನ್ ಪಾತ್ರಕ್ಕೆ ವಿದ್ಯೆ ಕಲಿಸುವ ಕುಡುಕ ಗುರುವೂ ಇವನೇ. ನಾಯಕ ಮುಂದೆ ಕಲಿಯುವ ‘ನಾಗದಮನದ ಹದಿನೆಂಟು ಹಸ್ತ’ಗಳು ಜಿನ್ ಯೋಂಗ್ ಅವರ ಕಾದಂಬರಿಗಳಿಂದ ಬಂದವು. ಹೀಗೆ ಐತಿಹ್ಯ, ಕಾದಂಬರಿ, ಇತಿಹಾಸಗಳನ್ನು ಚಿತ್ರ ಯಥೇಚ್ಛವಾಗಿ ಕಲಸಿದೆ. ಅದನ್ನು ಎಣಿಸುತ್ತ ಕೂರುವುದು ವ್ಯರ್ಥ ಪಾಂಡಿತ್ಯ. ನಾವು ಗಮನಿಸಬೇಕಾದದ್ದು ಪರೀಕ್ಷೆಯನ್ನು.

ಚೀನದ ಸಾಹಿತ್ಯಪರೀಕ್ಷೆಗಳ ವಿಚಾರವನ್ನು ನಮ್ಮ ತರಗತಿಗಳಲ್ಲಿ ಒಂದಿಷ್ಟಾದರೂ ಹೇಳುತ್ತೇವೆ. ಸೈನಿಕ ಪರೀಕ್ಷೆಯ ಮಾತು ಬರುವುದೇ ವಿರಳ. ಇದನ್ನು ಸ್ಥಾಪಿಸಿದವಳು ಸಾಮ್ರಾಜ್ಞಿ ವೂ ಝೆಟಿಯನ್, ಕ್ರಿ.ಶ. 702ರಲ್ಲಿ. ಚಿಂಗ್ ಅರಸರ ಕಾಲದಲ್ಲಿ ಅದು ಮೂರು ವರ್ಷಗಳಿಗೊಮ್ಮೆ ನಡೆಯುತ್ತಿದ್ದಿತು. ಅಭ್ಯರ್ಥಿ ಮೊದಲು ಓಡುವ ಕುದುರೆಯ ಮೇಲಿನಿಂದ, ಅನಂತರ ನೆಲದ ಮೇಲೆ ನಿಂತು ಬಾಣ ಬಿಡಬೇಕು. ತರುವಾಯ ಬಿಲ್ಲು, ಖಡ್ಗ, ಕಲ್ಲುಗಳ ಸರದಿ. ಖಡ್ಗಗಳ ತೂಕ 80, 100, 120 ಜಿನ್. ಕಲ್ಲುಗಳದು 200, 250, 300 ಜಿನ್. ಒಂದು ಜಿನ್ ಸುಮಾರು 600 ಗ್ರಾಂ. ಎಂದರೆ ಅತಿ ಭಾರದ ಖಡ್ಗ 72 ಕಿಲೋಗ್ರಾಮಿಗೂ ಅತಿ ಭಾರದ ಕಲ್ಲು 180 ಕಿಲೋಗ್ರಾಮಿಗೂ ಸಮ. ಅಂತಹ ಖಡ್ಗದಿಂದ ಯಾವ ರಣರಂಗದಲ್ಲಿಯೂ ಹೋರಾಡಲು ಬರುವಂತಿರಲಿಲ್ಲ. ಪರೀಕ್ಷೆಯ ಅಂಗಳದ ಹೊರಗೆ ಅದಕ್ಕೆ ಕೆಲಸವೇ ಇರಲಿಲ್ಲ.

ಇಷ್ಟನ್ನು ಗೆದ್ದವನ ಮುಂದೆ ಕೊನೆಗೆ ಕಾಗದವನ್ನು ಇಡುತ್ತಿದ್ದರು. ಪ್ರಾಚೀನ ಯುದ್ಧಗ್ರಂಥಗಳ ಮೇಲೆ ಪ್ರಬಂಧ ಬರೆಯಬೇಕೆಂಬುದು ನಿಯಮ. ಮಲ್ಲರಲ್ಲಿ ಹೆಚ್ಚಿನವರಿಗೆ ಇದು ಆಗದ ಮಾತು. 1807ರಲ್ಲಿ ಜಿಯಾಚಿಂಗ್ ಚಕ್ರವರ್ತಿಯ ಸರಕಾರ ಪ್ರಬಂಧವನ್ನೇ ಕೈಬಿಟ್ಟು, ಗ್ರಂಥಭಾಗವೊಂದರಿಂದ ನೂರರಷ್ಟು ಅಕ್ಷರಗಳನ್ನು ನೆನಪಿನಿಂದ ಬರೆದರೆ ಸಾಕೆಂದು ವಿಧಿಸಿತು. ಲಿಖಿತ ಪರೀಕ್ಷೆ ಅಲ್ಲಿಂದಾಚೆಗೆ ಹೆಸರಿಗೆ ಮಾತ್ರ ಉಳಿಯಿತು, ಆದರೂ ಅದನ್ನು ತೆಗೆದುಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಸೂ ಚಾನ್‌ನ ಅವಮಾನ ಅತಿಶಯೋಕ್ತಿಯಾಗಿದ್ದರೂ ನಿರಾಧಾರವಲ್ಲವೆಂದು ನಾನು ಹೇಳುವುದು ಈ ಕಾರಣದಿಂದ. ಖಡ್ಗಕ್ಕಿಂತ ಕುಂಚಕ್ಕೆ ಹೆಚ್ಚು ಮಾನವಿದ್ದ ಸಮಾಜವು ತನ್ನ ಸೈನಿಕನನ್ನೂ ಕುಂಚದಿಂದಲೇ ಅಳೆಯಲು ಹೋಗಿ, ಅಳತೆಗೋಲನ್ನೇ ಮೊಟಕುಗೊಳಿಸಿಕೊಂಡಿತು. ತೈಪಿಂಗ್ ದಂಗೆಯನ್ನು 1864ರಲ್ಲಿ ಅಡಗಿಸಿದ ಹೂನಾನ್ ಸೈನ್ಯವನ್ನು ಕಟ್ಟಿದ ತ್ಸೆಂಗ್ ಗುವೋಫಾನ್ ಸೈನಿಕ ಪದವೀಧರನಾಗಿರಲಿಲ್ಲ. 1838ರಲ್ಲಿ ಸಾಹಿತ್ಯಪರೀಕ್ಷೆಯಲ್ಲಿ ತೇರ್ಗಡೆಯಾದ ವಿದ್ವಾಂಸನಾಗಿದ್ದ. ಆ ದಂಗೆಯನ್ನೆಬ್ಬಿಸಿದ ಹೋಂಗ್ ಶ್ಯೂಚುವಾನ್ ಎಂಬವನಾದರೋ ಕ್ಯಾಂಟನ್ನಿನಲ್ಲಿ ಅದೇ ಸಾಹಿತ್ಯಪರೀಕ್ಷೆಗೆ ಮತ್ತೆ ಮತ್ತೆ ಕುಳಿತು ಸೋತವನು.

ಲಂಚದ ಪ್ರಸಂಗದಲ್ಲಿ ಚಿತ್ರ ಇತಿಹಾಸಕ್ಕಿಂತ ದಯಾಳುವಾಗಿದೆ. 1858ರಲ್ಲಿ ಬೀಜಿಂಗಿನಲ್ಲಿ ಸಾಹಿತ್ಯಪರೀಕ್ಷೆಯ ಅಕ್ರಮ ಬಯಲಾದಾಗ ಮುಖ್ಯ ಪರೀಕ್ಷಕನಾಗಿದ್ದ ಮಹಾಮಂತ್ರಿ ಬೋಜುನ್‌ನ ತಲೆಯೇ ಹೋಯಿತು. ಮರಣದಂಡನೆಯ ವರ್ಷ 1859. ಅದೇ ಕಾಲದಲ್ಲಿ ಬೊಕ್ಕಸ ಬರಿದಾಗಿದ್ದ ಸರಕಾರ ಪದವಿಗಳನ್ನೂ ಹುದ್ದೆಗಳನ್ನೂ ಬಹಿರಂಗವಾಗಿ ಮಾರುತ್ತಿದ್ದಿತು. ಹಣ ಸರಕಾರಕ್ಕೆ ಸಂದರೆ ಶಾಸನಬದ್ಧ, ಪರೀಕ್ಷಕನಿಗೆ ಸಂದರೆ ಮರಣದಂಡನೆ!

ಪ್ರೇಮಕಥೆಯ ಕಡೆಗೂ ಒಂದು ಮಾತು. ಬಡ ವಿದ್ಯಾರ್ಥಿಯೊಬ್ಬ ಪರೀಕ್ಷೆಯಲ್ಲಿ ಪ್ರಥಮನಾಗಿ ಮರಳಿ ಬಂದು ಪ್ರೇಯಸಿಯನ್ನು ವರಿಸುವುದು ಚೀನದ ನಾಟಕಗಳಲ್ಲಿಯೂ ಕಥೆಗಳಲ್ಲಿಯೂ ಹಳೆಯ ಜಾಡು. ಚಿತ್ರ ಇದನ್ನು ತಲೆಕೆಳಗು ಮಾಡಿದೆ. ಇಲ್ಲಿ ಧನಿಕನೂ ನಿರಕ್ಷರಿಯೂ ಆದವನು ಪರೀಕ್ಷೆಗೆ ಹೋಗಿ ಭಿಕ್ಷುಕನಾಗಿ ಹೊರಬರುತ್ತಾನೆ. ಕನ್ಯೆ ಅವನಿಗೆ ದೊರೆಯುವುದು ಆ ಮೇಲೆಯೇ. ಕೈಕಾಲುಗಳ ಬಲವನ್ನೂ ಕಳೆದುಕೊಂಡು ಬೀದಿಯಲ್ಲಿ ಬಿದ್ದಿರುವ ಅವನು ಮತ್ತೆ ಮೇಲೇಳುವ ಭಾಗ ನನ್ನ ದೃಷ್ಟಿಯಲ್ಲಿ ಚಿತ್ರದ ಅತ್ಯುತ್ತಮ ಭಾಗ. ಕಡೆಯ ಕಾಳಗದಲ್ಲಿ ಅವನಿಗೆ ನೆರವಾಗುವುದು ಒಂದು ಪುಸ್ತಕ. ಹದಿನೆಂಟನೆಯ ಹಸ್ತ ಅವನಿಗೆ ಸಿದ್ಧಿಸಿರುವುದಿಲ್ಲ. ಹಾಳೆಗಳು ಸರಸರನೆ ಮಗುಚಿದಾಗ ಹಿಂದಿನ ಹದಿನೇಳು ಚಿತ್ರಗಳು ಕೂಡಿ ಹದಿನೆಂಟನೆಯದಾಗುವುದನ್ನು ಅವನು ಕಾಣುತ್ತಾನೆ. ಹೆಸರು ಬರೆಯಲಾರದವನು ಗ್ರಂಥವನ್ನು ಓದಿದ ಬಗೆ ಇದು.

ಚಕ್ರವರ್ತಿಯ ಪ್ರಾಣವುಳಿಸಿದ ಬಳಿಕ ನಡೆಯುವ ಸಂಭಾಷಣೆ ಹಾಸ್ಯದ ಮೇರೆಯನ್ನು ಮೀರಿದೆ. ಇಷ್ಟು ಮಂದಿ ಭಿಕ್ಷುಕರು ನಿನ್ನ ಹಿಂದಿರುವಾಗ ನಾನು ನಿಶ್ಚಿಂತನಾಗಿರುವುದು ಹೇಗೆಂದು ಚಕ್ರವರ್ತಿ ಕೇಳುತ್ತಾನೆ. ಭಿಕ್ಷುಕರ ಸಂಖ್ಯೆಯನ್ನು ನಿರ್ಣಯಿಸುವವನು ತಾನಲ್ಲ, ಅರಸ. ನಾಡು ಸುಭಿಕ್ಷವಾಗಿದ್ದರೆ ಬೇಡಲು ಯಾರೂ ಹೊರಡುವುದಿಲ್ಲವೆಂಬ ಭಾವದ ಉತ್ತರ ಸೂ ಚಾನ್‌ನಿಂದ ಬರುತ್ತದೆ. ಕಾದಂಬರಿಗಳ ಭಿಕ್ಷುಕಪಂಥ ಕಲ್ಪನೆಯಾದರೂ ಚಿಂಗ್ ಕಾಲದ ನಗರಗಳಲ್ಲಿ ಭಿಕ್ಷುಕರಿಗೆ ನಾಯಕರಿದ್ದರು. ಅಂಗಡಿಗಳಿಂದ ವಂತಿಗೆಯೆತ್ತಿ, ಪ್ರತಿಯಾಗಿ ತಮ್ಮವರು ಅಲ್ಲಿ ಕಾಟ ಕೊಡದಂತೆ ಅವರು ನೋಡಿಕೊಳ್ಳುತ್ತಿದ್ದರು. ಸ್ಥಳೀಯ ಅಧಿಕಾರಿಗಳು ಈ ಏರ್ಪಾಟನ್ನು ಒಪ್ಪಿಕೊಂಡಿದ್ದರು. ಚಕ್ರವರ್ತಿಯ ಅಂಜಿಕೆಯೂ ಬರಿಯ ಕಟ್ಟುಕಥೆಯಲ್ಲ. 1796ರಿಂದ 1804ರವರೆಗೆ ಶ್ವೇತಕಮಲ ಪಂಥದ ದಂಗೆ ನಡೆಯಿತು. 1813ರಲ್ಲಿ ಇನ್ನೊಂದು ಪಂಥದವರು ಬೀಜಿಂಗಿನ ಅರಮನೆಯೊಳಕ್ಕೇ ನುಗ್ಗಿದರು. ಅಂದು ಚಕ್ರವರ್ತಿ ಊರಿನಲ್ಲಿರಲಿಲ್ಲ. ಮುಂದೆ ದಾವೋಗುವಾಂಗ್ ಎಂಬ ಹೆಸರಿನಿಂದ ಪಟ್ಟವೇರಿದ ರಾಜಕುಮಾರನು ಬಂದೂಕಿನಿಂದ ಇಬ್ಬರನ್ನು ಕೆಡವಿದನು. ಆ ಬಂದೂಕಿಗೆ ಸೈನಿಕ ಪರೀಕ್ಷೆಯಲ್ಲಿ ಕೊನೆಯವರೆಗೂ ಸ್ಥಾನ ದೊರೆಯಲಿಲ್ಲ. ಬಿಲ್ಲು, ಖಡ್ಗ, ಕಲ್ಲುಗಳ ಪರೀಕ್ಷೆ ಇನ್ನೂ ಎಂಬತ್ತೆಂಟು ವರ್ಷ ನಡೆದು, 1901ರಲ್ಲಿ ರದ್ದಾಯಿತು.