ಹಾಲುಹಲ್ಲು, ಅಫೀಮು ಮತ್ತು ಆಫೀಸು

ಹಲ್ಲು ಬಂದು ಮಗು ಸತ್ತಿತು ಅಂತ ಸರ್ಕಾರಿ ದಾಖಲೆಯಲ್ಲೇ ಬರೆದಿಡುತ್ತಿದ್ದ ಕಾಲ ಒಂದಿತ್ತು ಅಂದರೆ ನಂಬ್ತೀರಾ? 1839ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 5,016 ಸಾವುಗಳಿಗೆ ಅಲ್ಲಿನ ಮರಣ ದಾಖಲೆಗಳು ಕೊಟ್ಟ ಕಾರಣ ಹಲ್ಲು ಬರುವುದು. ಕಾಲರಾ ಅಲ್ಲ, ಸಿಡುಬು ಅಲ್ಲ, ಬರೀ ಹಲ್ಲು!

ನಮ್ಮನೆ ಪುಟ್ಟಿಗೆ ಈಗ ಏಳು ತಿಂಗಳು. ಕೆಳಗಿನ ಎರಡು ಹಲ್ಲು ಅಕ್ಕಿಕಾಳಿನ ಹಾಗೆ ಇಣುಕುತ್ತಿವೆ. ನಾನು ಹೊಸ ಕಂಪನಿಗೆ ಸೇರಿ ಎರಡು ತಿಂಗಳು. ಹೆಂಡತಿಯ ರಜೆ ಮುಗಿದು ಅವಳೂ ಆಫೀಸಿಗೆ ಹೊರಟಿದ್ದಾಳೆ. ಇಬ್ಬರೂ ನಿದ್ದೆಗೆಟ್ಟು ದುಡಿಯುವ ಈ ದಿನಗಳಲ್ಲಿ, ಹಿಂದಿನವರು ಇದಕ್ಕೆ ಏನು ಮಾಡ್ತಿದ್ದರು ಅಂತ ಕುತೂಹಲ ಹುಟ್ಟಿ ಓದುತ್ತಾ ಹೋದೆ. ಓದಿದ್ದರಲ್ಲಿ ಸ್ವಲ್ಪ ಇಲ್ಲಿ ಹಂಚಿಕೊಳ್ತೀನಿ.

ಹಲ್ಲಿನ ಮೇಲಿನ ಆರೋಪ ಬಹಳ ಹಳೆಯದು. ಗ್ರೀಕ್ ವೈದ್ಯ ಹಿಪೊಕ್ರೆಟಿಸ್‌ನ ಹೆಸರಿನಲ್ಲಿರುವ ಸೂತ್ರಗಳಲ್ಲೇ, ಹಲ್ಲು ಬರುವಾಗ ಒಸಡಿನ ತುರಿಕೆ, ಜ್ವರ, ಫಿಟ್ಸು, ಭೇದಿ ಕಾಣಿಸುತ್ತವೆ ಅಂತ ಇದೆ. 16ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೋಸ್ ಪಾರೆ, ತೀರಿಕೊಂಡ ಎಂಟು ತಿಂಗಳ ಮಗುವೊಂದರ ಒಸಡು ಕೊಯ್ದು ನೋಡಿದ. ಒಳಗೆ ಹಲ್ಲುಗಳು ಹೊರಬರಲು ಸಿದ್ಧವಾಗಿದ್ದವು. ಬದುಕಿದ್ದಾಗಲೇ ಕೊಯ್ದಿದ್ದರೆ ಮಗು ಉಳಿಯುತ್ತಿತ್ತು ಅಂತ ಆತ ತೀರ್ಮಾನಿಸಿದ. ಆಮೇಲೆ ಮೂರು ಶತಮಾನ ವೈದ್ಯರು ಅಳುವ ಕೂಸುಗಳ ಒಸಡು ಕೊಯ್ಯುತ್ತಲೇ ಇದ್ದರು. ಅದರಲ್ಲಿ ಬಹುಪಾಲು ಕಾಲ ಅರಿವಳಿಕೆ ಇರಲಿಲ್ಲ, ಚಾಕುವನ್ನು ಕುದಿಸಿ ತೊಳೆಯಬೇಕು ಅನ್ನುವ ತಿಳುವಳಿಕೆಯೂ ಇರಲಿಲ್ಲ.

ನಮ್ಮ ಸಾಫ್ಟ್‌ವೇರ್ ಮಂದಿಗೆ ಈ ತಪ್ಪು ಚೆನ್ನಾಗಿ ಪರಿಚಯ. ಲಾಗ್ ಫೈಲಿನಲ್ಲಿ ಎರಡು ಸಾಲು ಅಕ್ಕಪಕ್ಕ ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗಲ್ಲ, ಅಲ್ವಾ? ಆರನೇ ತಿಂಗಳ ಸುಮಾರಿಗೆ ಮಗುವಿನಲ್ಲಿ ಎಷ್ಟೋ ಬದಲಾವಣೆ ಒಟ್ಟಿಗೇ ಆಗುತ್ತವೆ. ಹುಟ್ಟುವಾಗ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕಮ್ಮಿ ಆಗುತ್ತಾ ಬರುತ್ತದೆ. ಹಾಲಿನ ಜೊತೆ ರಾಗಿ ಸರಿ, ಅನ್ನದ ಗಂಜಿ ಶುರುವಾಗುತ್ತದೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ಶುದ್ಧ ನೀರಿಲ್ಲದ ಊರಿನಲ್ಲಿ ಭೇದಿ, ಜ್ವರ ಬರದೆ ಇನ್ನೇನು? ಆದರೆ ಇದೆಲ್ಲದರ ನಡುವೆ ಕಣ್ಣಿಗೆ ಕಾಣುತ್ತಿದ್ದದ್ದು ಹಲ್ಲೊಂದೇ. ಜೊಲ್ಲು, ಕಿರಿಕಿರಿ, ಮೈ ಸ್ವಲ್ಪ ಬೆಚ್ಚಗಾಗುವುದು ಹಲ್ಲಿನಿಂದ ಆಗಬಹುದು, ಜೋರು ಜ್ವರ ಬಂದರೆ ಬೇರೆ ಕಾರಣ ಹುಡುಕಬೇಕು ಅಂತಾರೆ ಇವತ್ತಿನ ಮಕ್ಕಳ ಡಾಕ್ಟರು.

ಚಾಕುವಿನ ಜೊತೆ ಪುಡಿಗಳೂ ಇದ್ದವು. ಇಂಗ್ಲೆಂಡಿನಲ್ಲಿ ಮಾರುತ್ತಿದ್ದ ಹಲ್ಲಿನ ಪುಡಿಗಳಲ್ಲಿ ಕ್ಯಾಲೊಮೆಲ್ ಇರುತ್ತಿತ್ತು, ಅಂದರೆ ಪಾದರಸದ ಸಂಯುಕ್ತ. ಕೈಕಾಲು ಗುಲಾಬಿ ಬಣ್ಣಕ್ಕೆ ತಿರುಗಿ, ನೋವಿನಿಂದ ನರಳುವ 'ಪಿಂಕ್ ಡಿಸೀಸ್' ಅನ್ನುವ ಕಾಯಿಲೆ ಎಷ್ಟೋ ಮಕ್ಕಳಿಗೆ ಬಂತು. 1940ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯ ವೈದ್ಯ ಜೋಸೆಫ್ ವಾರ್ಕನಿ ಇಂಥ ಮಕ್ಕಳ ಮೂತ್ರದಲ್ಲಿ ಪಾದರಸ ಇರುವುದನ್ನು ಪತ್ತೆ ಮಾಡಿದರು. 1954ರ ಹೊತ್ತಿಗೆ ಬ್ರಿಟನ್ನಿನಲ್ಲಿ ಪುಡಿಗಳಿಂದ ಪಾದರಸ ಹೋಯಿತು, ಕಾಯಿಲೆಯೂ ಹೆಚ್ಚುಕಮ್ಮಿ ಮಾಯವಾಯಿತು.

ಇಷ್ಟು ವೈದ್ಯರ ಕಥೆ. ಇದರ ಪಕ್ಕದಲ್ಲೇ ಕಾರ್ಖಾನೆಯ ಗಡಿಯಾರದ ಕಥೆಯೂ ಇದೆ.

ಇಂಗ್ಲೆಂಡಿನಲ್ಲಿ ಮಿಲ್ಲುಗಳು ಬಂದ ಮೇಲೆ ಅಮ್ಮಂದಿರು ಇಡೀ ದಿನ ಮನೆಯಿಂದ ಹೊರಗೆ ದುಡಿಯಬೇಕಾಯಿತು. ಕೂಸು ನೆರೆಮನೆಯ ಮುದುಕಿಯ ಹತ್ತಿರವೋ ಚಿಕ್ಕ ಹುಡುಗಿಯ ಹತ್ತಿರವೋ ಉಳಿಯುತ್ತಿತ್ತು. ಅದು ಅಳದೆ ಮಲಗಿರಲಿ ಅಂತ ಕೊಡುತ್ತಿದ್ದದ್ದು ಗಾಡ್‌ಫ್ರೀಸ್ ಕಾರ್ಡಿಯಲ್. ಅದರಲ್ಲಿ ಇದ್ದದ್ದು ಅಫೀಮು, ಜೊತೆಗೆ ಸಿಹಿಗೆ ಕಾಕಂಬಿ. ಏಂಗೆಲ್ಸ್ 1845ರ ತನ್ನ ಪುಸ್ತಕದಲ್ಲಿ ಇದರ ಬಗ್ಗೆ ಬರೆದಿದ್ದಾನೆ. ಅಮೆರಿಕದಲ್ಲಿ 1849ರಿಂದ ಮಾರಾಟಕ್ಕೆ ಬಂದ ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್ ಅಂತೂ ಹಲ್ಲು ಬರುವ ಮಕ್ಕಳಿಗೆ ಅಂತಲೇ ಜಾಹೀರಾತು ಕೊಡುತ್ತಿತ್ತು. ಒಳಗಿದ್ದದ್ದು ಮಾರ್ಫಿನ್! ಬಾಟಲಿಯ ಮೇಲೆ ಅದನ್ನು ಬರೆಯಲೇಬೇಕು ಅಂತ ಕಾನೂನು ಬರಲು 1906ರ ತನಕ ಕಾಯಬೇಕಾಯಿತು.

ಇದು ಬರೀ ಪರದೇಶದ ಕಥೆ ಅಂದುಕೊಳ್ಳಬೇಡಿ. ನಮ್ಮ ಬೊಂಬಾಯಿಯ ಹತ್ತಿ ಗಿರಣಿಗಳಲ್ಲೂ ಇದೇ ನಡೆಯಿತು. ಕೆಲಸಕ್ಕೆ ಹೋಗುವ ಮುಂಚೆ ಅಮ್ಮಂದಿರು ಮಗುವಿಗೆ 'ಬಾಳಗೋಳಿ' ತಿನ್ನಿಸುತ್ತಿದ್ದರು. ಅದು ಅಫೀಮು ಬೆರೆಸಿದ ಪುಟ್ಟ ಗುಳಿಗೆ. 1920ರ ದಶಕದ ಸರ್ಕಾರಿ ವರದಿಗಳಲ್ಲಿ, 1931ರ ರಾಯಲ್ ಕಮಿಷನ್ನಿನ ವರದಿಯಲ್ಲಿ ಈ ಪ್ರಸ್ತಾಪ ಬರುತ್ತದೆ. ಆ ಅಮ್ಮಂದಿರನ್ನು ಬೈಯುವುದು ಸುಲಭ. ಆದರೆ ಸೈರನ್ ಕೂಗಿದಾಗ ಗೇಟಿನೊಳಗೆ ಇರದಿದ್ದರೆ ಅವತ್ತಿನ ಕೂಲಿ ಹೋಯಿತು. ಮಗುವನ್ನು ನೋಡಿಕೊಳ್ಳಲು ಇನ್ನೊಬ್ಬರಿಲ್ಲ. ಅವರ ಜಾಗದಲ್ಲಿ ನಾವಿದ್ದರೆ ಏನು ಮಾಡುತ್ತಿದ್ದೆವು, ನೀವೇ ಹೇಳಿ?

ಮಗುವನ್ನು ಗಡಿಯಾರಕ್ಕೆ ಹೊಂದಿಸುವುದನ್ನು ಬಿಟ್ಟು ಗಡಿಯಾರವನ್ನೇ ಸ್ವಲ್ಪ ಬದಲಾಯಿಸೋಣ ಅನ್ನುವ ಯೋಚನೆ ತಡವಾಗಿ ಬಂತು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಒಪ್ಪಂದ ಹೆರಿಗೆ ರಜೆಯ ಜೊತೆಗೆ, ಹಾಲೂಡಿಸಲು ದಿನಕ್ಕೆ ಎರಡು ಸಲ ಅರ್ಧ ಗಂಟೆ ಬಿಡುವು ಕೊಡಬೇಕು ಅಂದಿತು. ಬೊಂಬಾಯಿ ಶಾಸನಸಭೆಯಲ್ಲಿ 1928ರಲ್ಲಿ ಹೆರಿಗೆ ಭತ್ಯೆ ಮಸೂದೆ ಬಂದಾಗ, ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತಕ್ಕೇ ಒಳ್ಳೆಯದು ಅಂತ ಡಾ. ಅಂಬೇಡ್ಕರ್ ಅದರ ಪರವಾಗಿ ಮಾತಾಡಿದರು. 1929ರಲ್ಲಿ ಅದು ಕಾನೂನಾಯಿತು. 1961ರ ಕೇಂದ್ರ ಕಾನೂನಿನಲ್ಲಿ 12 ವಾರ ಇದ್ದ ರಜೆ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಆಯಿತು. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಕೂಸಿನಮನೆಯೂ ಇರಬೇಕು ಅಂತಾಯಿತು.

ಈಗ ಲೆಕ್ಕ ಹಾಕಿ ನೋಡಿ. 26 ವಾರ ಅಂದರೆ ಆರು ತಿಂಗಳು. ಮೊದಲ ಹಲ್ಲು ಬರುವುದೂ ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿಗೆ. ಅಂದರೆ ರಜೆ ಮುಗಿಯುವುದಕ್ಕೂ ಹಲ್ಲು ಬರುವುದಕ್ಕೂ ಸರಿಹೋಗುತ್ತದೆ :) ಹೊಲದಲ್ಲಿ, ಕಟ್ಟಡ ಕೆಲಸದಲ್ಲಿ, ಮನೆಗೆಲಸದಲ್ಲಿ ದುಡಿಯುವ ಬಹುಪಾಲು ಅಮ್ಮಂದಿರಿಗೆ ಆ 26 ವಾರವೂ ಸಿಗುವುದಿಲ್ಲ. ಇನ್ನು ಅಪ್ಪಂದಿರು? ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ರಜೆ ಇದೆ. ನಮ್ಮಂಥ ಖಾಸಗಿ ಕಂಪನಿಯವರಿಗೆ ಕಂಪನಿ ಕೊಟ್ಟಷ್ಟೇ ದಕ್ಕಿತು.

ಒಸಡಿಗೆ ಹಚ್ಚುವ ಬೆಂಜೊಕೇನ್ ಜೆಲ್‌ಗಳನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಮಾರಬೇಡಿ ಅಂತ ಅಮೆರಿಕದ ಔಷಧಿ ಇಲಾಖೆ ಹೇಳಬೇಕಾಗಿ ಬಂದದ್ದು 2018ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಮಗು ಬೇಗ ಸುಮ್ಮನಾಗಲಿ ಅನ್ನುವ ಅವಸರ ನಮ್ಮಲ್ಲೂ ಇದ್ದೇ ಇದೆ. ಹಲ್ಲಿಗೆ ಬೇಕಾದದ್ದು ಸ್ವಚ್ಛವಾದ, ತಣ್ಣಗಿನ ಒದ್ದೆ ಬಟ್ಟೆಯ ತುಂಡು, ತೊಳೆದ ಬೆರಳು, ಎತ್ತಿಕೊಳ್ಳಲು ಒಂದು ಹೆಗಲು. ಮೊದಲ ಎರಡು ಪುಕ್ಕಟೆ ಸಿಗುತ್ತವೆ. ಆ ಹೆಗಲಿಗೆ ಬೇಕಾದ ಬಿಡುವನ್ನು ಮಾತ್ರ ಗಿರಣಿಯ ಹೆಂಗಸರ ಕಾಲದಿಂದ ಒಂದೊಂದೇ ವಾರವಾಗಿ ಕೇಳಿ ಪಡೆಯಬೇಕಾಗಿದೆ. ಅಪ್ಪಂದಿರ ಪಾಲಿನದನ್ನು ನಾವು ಇನ್ನೂ ಗಟ್ಟಿಯಾಗಿ ಕೇಳಿಯೇ ಇಲ್ಲ.