ನಮ್ಮ ಶಾಲೆಯ ಬಾಹ್ಯಾಕಾಶ ಶಿಬಿರ

ನಮ್ಮ ಶಾಲೆ ಆರಂಭವಾದದ್ದು 1975ರಲ್ಲಿ. ಅದೇ ವರ್ಷದ ಏಪ್ರಿಲ್ 19ರಂದು, ಉಡುಪಿ ಕಡೆಯ ಅದಮಾರಿನ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ‘ಆರ್ಯಭಟ’ ಉಪಗ್ರಹ ಸೋವಿಯತ್ ರಾಕೆಟ್ಟಿನಲ್ಲಿ ಬಾನಿಗೇರಿತು. ವಿಜ್ಞಾನ ಶಿಕ್ಷಕನಾಗಿ ಇದನ್ನು ನಾನು ಪ್ರತಿ ವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ.

ಮಕ್ಕಳಿಗಾಗಿ ಬಾಹ್ಯಾಕಾಶ ಶಿಬಿರ ಅಮೆರಿಕದ ಹಂಟ್ಸ್‌ವಿಲ್‌ನಲ್ಲಿ 1982ರಲ್ಲೇ ಶುರುವಾಗಿತ್ತು. ನಮ್ಮ ಇಸ್ರೋ 2019ರಲ್ಲಿ ‘ಯುವಿಕಾ’ ಆರಂಭಿಸಿ, ಪ್ರತಿ ರಾಜ್ಯದಿಂದ ಮೂವರು ಒಂಬತ್ತನೇ ತರಗತಿಯ ಮಕ್ಕಳನ್ನು ಎರಡು ವಾರ ತನ್ನ ಕೇಂದ್ರಗಳಿಗೆ ಕರೆಸಿಕೊಂಡಿತು. ಗ್ರಾಮೀಣ ಮಕ್ಕಳಿಗೆ ಆದ್ಯತೆಯೂ ಇತ್ತು.

2020ರ ಫೆಬ್ರವರಿಯಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳಿಂದ ಅರ್ಜಿ ಹಾಕಿಸಿದೆ. ಕೊರೊನಾ ಬಂತು, ಶಿಬಿರ ನಡೆಯಲಿಲ್ಲ. ಶಾಲೆ ಮತ್ತೆ ತೆರೆಯುವಾಗ ಅವಳು ಹತ್ತನೇ ತರಗತಿ, ಅವಕಾಶ ಮುಗಿದಿತ್ತು. “ಸಾರ್, ಇಲ್ಲೇ ಮಾಡೋಕಾಗಲ್ವಾ?” ಎಂದು ಕೇಳಿದಳು.

2021ರ ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ, ಭಾನುವಾರ. ತಂಪು ಪಾನೀಯದ ಬಾಟಲಿಗೆ ಮೂರನೇ ಒಂದು ಭಾಗ ನೀರು ತುಂಬಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದೆವು. ನೀರು ಕೆಳಗೆ ಚಿಮ್ಮಿತು, ಬಾಟಲಿ ತೆಂಗಿನಮರ ದಾಟಿತು. ನ್ಯೂಟನ್ನನ ಮೂರನೇ ನಿಯಮವನ್ನು ಆಮೇಲೆ ಯಾರಿಗೂ ಬಾಯಿಪಾಠ ಮಾಡಿಸಬೇಕಾಗಲಿಲ್ಲ. ಸಂಜೆ ಕೃತ್ತಿಕೆಯ ಹತ್ತಿರವೇ ಮಂಗಳ ಕಂಡಿತು. ಹತ್ತು ದಿನಗಳ ಹಿಂದಷ್ಟೇ ಅಲ್ಲಿ ನಾಸಾದ ‘ಪರ್ಸಿವಿಯರೆನ್ಸ್’ ಇಳಿದಿತ್ತು. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರೂ ನಿಂತು ನೋಡಿದರು.

ಅಂದಿನಿಂದ ಪ್ರತಿ ಫೆಬ್ರವರಿಯಲ್ಲೂ ಶಿಬಿರ ನಡೆದಿದೆ. ‘ಯುವಿಕಾ’ಕ್ಕೆ ನಮ್ಮವರು ಇನ್ನೂ ಆಯ್ಕೆಯಾಗಿಲ್ಲ, ಅರ್ಜಿ ಹಾಕುವುದನ್ನು ಬಿಟ್ಟಿಲ್ಲ. ಆ ಹುಡುಗಿ ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಶಿಬಿರದ ದಿನ ಊರಿಗೆ ಬಂದು, ಮೊದಲ ಪಂಪು ತಾನೇ ಹೊಡೆಯುತ್ತಾಳೆ.