ಬೇರಿನವರೆಗೆ ಬಗ್ಗಿದ ಕ್ಯಾಮೆರಾ

ಕಾರ್ಕಳದಿಂದ ಅಜೆಕಾರಿಗೆ ಹೋಗುವಾಗ ದರೆ ಕಡಿದ ಕಡೆಯಲ್ಲೆಲ್ಲ ಮರದ ಬೇರು ಕಾಣುತ್ತದೆ. ಕೆಳಗೆ ಮುರಕಲ್ಲು, ಮೇಲೆ ತೆಳು ಮಣ್ಣು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಬುಡದ ಜಡಿಮಳೆ. ಮಣ್ಣು ಕೊಚ್ಚಿಹೋದ ಹಾಗೆ ಗೋಳಿ, ಮಾವು, ಹಲಸಿನ ಬೇರುಗಳು ಬಯಲಿಗೆ ಬೀಳುತ್ತವೆ. ಬೇರಿನ ಚಿತ್ರ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ನೆಲ ಬೇಕಿಲ್ಲ. ಆದರೆ ಕ್ಯಾಮೆರಾ ಬೇರಿನವರೆಗೆ ಬಗ್ಗಲು ಬಹಳ ಕಾಲ ಹಿಡಿಯಿತು.

ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಛಾಯಾಗ್ರಾಹಕ ಟಾಲ್ಬಟ್ ಎಲೆಯುದುರಿದ ಓಕ್ ಮರವನ್ನು ಕಾಗದದ ಮೇಲೆ ಮೂಡಿಸಿದ. ಬೆಳಕಿಗೆ ಬಹಳ ಹೊತ್ತು ಒಡ್ಡಬೇಕಾಗಿದ್ದ ಆ ದಿನಗಳಲ್ಲಿ ಕದಲದೆ ನಿಲ್ಲುವ ಮರ ತಕ್ಕ ವಸ್ತುವೇ ಆಗಿತ್ತು. ಆದರೂ 1850ರ ದಶಕದಲ್ಲಿ ಕರ್ನಾಟಕಕ್ಕೆ ಕ್ಯಾಮೆರಾ ತಂದ ಬಿಗ್ಸ್, ನೀಲ್ ಮೊದಲಾದ ಅಧಿಕಾರಿಗಳ ಗಮನವೆಲ್ಲ ವಿಜಾಪುರ, ಬೇಲೂರು, ಹಳೇಬೀಡಿನ ಕಟ್ಟಡಗಳ ಮೇಲೆ. 1860ರ ದಶಕದಲ್ಲಿ ಛಾಯಾಗ್ರಾಹಕ ಸ್ಯಾಮ್ಯುಯೆಲ್ ಬೋರ್ನ್ ಬಂಗಾಳದಲ್ಲಿ ಆಲದ ಬಿಳಲುಗಳನ್ನು ತೆಗೆದ. ಅಲ್ಲಿ ಎದ್ದು ಕಾಣುವುದು ಪೂರ್ವದೇಶದ ಅಚ್ಚರಿ ತೋರಿಸುವ ಹುಮ್ಮಸ್ಸು. 1921ರಲ್ಲಿ ಹೊರಬಂದ, ಅರಣ್ಯಶಾಸ್ತ್ರಜ್ಞ ಟ್ರೂಪ್ ಅವರ ಭಾರತೀಯ ಮರಗಳ ಕುರಿತ ಮೂರು ಸಂಪುಟಗಳಲ್ಲಿ ಚಿತ್ರಗಳು ಅರಣ್ಯಶಾಸ್ತ್ರದ ಸಾಕ್ಷಿಯಾದವು.

ಬೇರನ್ನೇ ಬೇರಾಗಿ ನೋಡಿದ ಛಾಯಾಗ್ರಾಹಕರು ಬೇರೆಯವರು. ಪ್ಯಾರಿಸ್ ಬಳಿಯ ಸೇಂಟ್ ಕ್ಲೂ ಉದ್ಯಾನದಲ್ಲಿ ಅಟ್ಜೆ, 1929ರಲ್ಲಿ ಕ್ಯಾಲಿಫೋರ್ನಿಯಾದ ಕಡಲಂಚಿನಲ್ಲಿ ಸೈಪ್ರಸ್ ಬೇರಿನೆದುರು ಎಡ್ವರ್ಡ್ ವೆಸ್ಟನ್, 1948ರಲ್ಲಿ ಹೊನಲುಲುವಿನಲ್ಲಿ ಆನ್ಸೆಲ್ ಆಡಮ್ಸ್. ವೆಸ್ಟನ್‌ನ ಬೇರಿಗೆ ನರ, ಸ್ನಾಯುಗಳ ಬಿಗಿಯಿದೆ. ಮರದ ಎತ್ತರವನ್ನು ಬಿಟ್ಟುಕೊಟ್ಟು ಬುಡದ ಒಂದೆರಡು ಅಡಿಯಲ್ಲೇ ಚಿತ್ರ ಪೂರ್ಣವಾಗಬಲ್ಲದೆಂದು ಇವರು ತೋರಿಸಿಕೊಟ್ಟರು.

ನಮ್ಮಲ್ಲಿ ಎಂ.ವೈ. ಘೋರ್ಪಡೆ, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ಛಾಯಾಗ್ರಹಣ ದಿಗ್ಗಜರ ಮನಸ್ಸು ಹೆಚ್ಚಾಗಿ ಪ್ರಾಣಿ, ಪಕ್ಷಿಗಳ ಕಡೆಗಿತ್ತು. ಆಗ ಫಿಲ್ಮಿನ ಒಂದು ರೋಲಿಗೆ 36 ಚಿತ್ರ. ಹುಲಿ ಸಿಗಬಹುದಾದ ಕಾಡಿನಲ್ಲಿ ಬೇರಿಗೆ ಫಿಲ್ಮ್ ಖರ್ಚು ಮಾಡುವವರು ವಿರಳ. ಗಿಡಮರಗಳನ್ನು ಅಕ್ಕರೆಯಿಂದ ಗಮನಿಸಿ, ತಾವೇ ಚಿತ್ರ ತೆಗೆದು ಕನ್ನಡದಲ್ಲಿ ಬರೆದವರು ಹೊನ್ನಾವರದ ಕೃಷ್ಣಾನಂದ ಕಾಮತ್ (1934–2002). ಇನ್ನು ಕಾಪುವಿನಂಥ ಕಡಲೂರುಗಳ ಬಯಲುಬೇರು ಜನರ ಕಣ್ಣಿಗೆ ಬಿದ್ದದ್ದು ಕಲೆಯಾಗಿ ಅಲ್ಲ, ಸುದ್ದಿಯಾಗಿ. ಕಡಲ್ಕೊರೆತಕ್ಕೆ ಮರಳು ಜಾರಿ, ತಾಯಿಬೇರಿಲ್ಲದ ತೆಂಗು ತನ್ನ ಬೇರಿನ ಗೊಂಚಲನ್ನೆಲ್ಲ ತೋರಿಸುತ್ತ ವಾಲುವ ಚಿತ್ರ ಪ್ರತಿ ಮಳೆಗಾಲವೂ ಪತ್ರಿಕೆಗಳಲ್ಲಿ ಬರುತ್ತದೆ. ನನ್ನ ಮಟ್ಟಿಗೆ ಕರಾವಳಿಯ ಬೇರುಚಿತ್ರ ಪರಂಪರೆ ಶುರುವಾಗುವುದು ಇಲ್ಲಿಂದಲೇ.

ಡಿಜಿಟಲ್ ಕ್ಯಾಮೆರಾ, ಆಮೇಲೆ ಮೊಬೈಲು ಬಂದು ಖರ್ಚಿನ ಅಂಜಿಕೆ ಕಳೆಯಿತು. ಮಳೆಗಾಲದ ಬೆಳಕೂ ಆಗಲೇ ಕೈಗೆ ಸಿಕ್ಕಿತು. ಬಿಸಿಲಿನಲ್ಲಿ ಬೇರು ಮತ್ತು ನೆರಳು ಕಪ್ಪು ಬಿಳುಪಾಗಿ ಒಡೆದುಹೋಗುತ್ತವೆ. ಮೋಡ ಕವಿದ ದಿನ ತೊಗಟೆಯ ಒಂದೊಂದು ಗೆರೆಯೂ ಉಳಿಯುತ್ತದೆ. ಒದ್ದೆ ಬೇರು ಕಡುಬಣ್ಣಕ್ಕೆ ತಿರುಗಿ ಪಾಚಿಯ ಹಸಿರು ಎದ್ದು ಬರುತ್ತದೆ, ಆದರೆ ನೀರಿನ ಹೊಳಪು ಬಣ್ಣವನ್ನು ನುಂಗುತ್ತದೆ. ಅದಕ್ಕೆ ಪೋಲರೈಸರ್ ಬೇಕು. ಮರದಡಿಯ ಮಬ್ಬಿಗೆ ಟ್ರೈಪಾಡ್, ಸೆಕೆಂಡುಗಟ್ಟಲೆ ಎಕ್ಸ್‌ಪೋಷರ್. ಕ್ಯಾಮೆರಾವನ್ನು ನೆಲಮಟ್ಟಕ್ಕಿಳಿಸಿ ವೈಡ್ ಲೆನ್ಸ್ ಹಾಕಿದರೆ ಬೇರು ನಮ್ಮತ್ತ ಹರಿದುಬರುತ್ತದೆ. ಕುಂದಾಪುರದ ಹಿನ್ನೀರಿನ ಕಾಂಡ್ಲಾ ಬೇರುಗಳಿಗಾದರೆ ಭರತ ಇಳಿಯುವವರೆಗೆ ಕಾಯಲೇಬೇಕು.

ಕಸುಬು ಹೀಗೆ ಪಳಗಿದೆ. ದಾಖಲೆ ಮಾತ್ರ ಹಿಂದೆ ಬಿದ್ದಿದೆ. ತುಳುನಾಡಿನ ಎಷ್ಟೋ ನಾಗಬನಗಳಲ್ಲಿ ಮರ ಕಡಿದು ಕಾಂಕ್ರೀಟ್ ಕಟ್ಟೆ ಕಟ್ಟಿದ್ದಾರೆ. ನಾಗನ ಕಲ್ಲನ್ನು ಅಪ್ಪಿಕೊಂಡಿದ್ದ ಬೇರು ಹೇಗಿತ್ತೆಂದು ಕೇಳಿದರೆ ಹಿರಿಯರ ನೆನಪೇ ಗತಿ. ರಸ್ತೆ ಅಗಲವಾದಲ್ಲೂ ಇದೇ ಕಥೆ. ಸುಂದರವಾದ ಬೇರುಚಿತ್ರಗಳು ಸಾವಿರಾರು ಸಿಗುತ್ತವೆ. ಮರ ಯಾವುದು, ಊರು ಯಾವುದು, ಮಣ್ಣು ಹೋದದ್ದು ಮಳೆಗೋ ಜೆಸಿಬಿಗೋ ಎಂದು ಹೇಳುವವು ಕಡಿಮೆ.

ಅಜೆಕಾರು, ಅಂಡಾರು, ಮುನಿಯಾಲು ಕಡೆ ಕ್ಯಾಮೆರಾ ಹಿಡಿದು ಓಡಾಡುವ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮೂರಿನ ಒಂದು ಮರ ಆರಿಸಿಕೊಳ್ಳಿ. ನಾಗಬನದ ಮರವಾದರೆ ಬನದ ಕುಟುಂಬದವರನ್ನು ಕೇಳಿ, ಅವರು ಹೇಳಿದಷ್ಟು ದೂರದಲ್ಲಿ ನಿಲ್ಲಿ. ಪ್ರತಿ ವರ್ಷ ಮಳೆಗೆ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ, ಅದೇ ಜಾಗದಿಂದ ಅದೇ ಬೇರನ್ನು ತೆಗೆಯಿರಿ. ಪಕ್ಕದಲ್ಲಿ ಅಳತೆಗೋಲೊಂದಿರಲಿ. ಚಿತ್ರದ ಜೊತೆಗೆ ಮರದ ಹೆಸರು, ಊರು, ತಾರೀಕು ಬರೆದಿಡಿ.